ಎರಡನೆಯ ಭಾಗಕ್ಕೆ ಕಾದವರು

5 ಅಕ್ಟೋಬರ್ 2025, ರವಿವಾರ. ಕಾರವಾರ

ಮಗಳ ಮನೆಗೆ ಬಂದು ಮೂರು ದಿನವಾಯಿತು. ಇವತ್ತು ಮೊಮ್ಮಗನ ಜೊತೆ ‘ಕಾಂತಾರ: ಚಾಪ್ಟರ್ 1’ ನೋಡಿದೆ. ಮಧ್ಯಾಹ್ನದ ಆಟಕ್ಕೆ ಟಿಕೆಟ್ ಸಿಗಲಿಲ್ಲ, ಸಂಜೆಯ ಆಟಕ್ಕೆ ಹೋದೆವು. ಸದಾಶಿವಗಡದಿಂದ ಬಂದ ಹೆಂಗಸರು, ಬೈತಖೋಲದ ಬೋಟಿನ ಹುಡುಗರು, ಹಿಂದಿ ಮಾತಾಡುವ ನೌಕಾನೆಲೆಯ ಸಂಸಾರಗಳು, ಎಲ್ಲ ಒಂದೇ ಸಾಲಿನಲ್ಲಿ ನಿಂತಿದ್ದರು.

ಮೊದಲ ‘ಕಾಂತಾರ’ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ, ಇದು ಮೊನ್ನೆ 2ನೇ ತಾರೀಖಿಗೆ. ಮೂರು ವರ್ಷದ ಮೇಲೆ ಎರಡು ದಿನ. ಅದರಲ್ಲಿ ತಂದೆ ಕಾಡಿನೊಳಗೆ ಓಡಿ ಮಾಯವಾಗುತ್ತಾನೆ, ಕೊನೆಗೆ ಮಗನೂ ಹಾಗೇ ಮಾಯವಾಗುತ್ತಾನೆ. ಎಲ್ಲಿಗೆ ಹೋದರು ಎಂದು ಹೇಳದೆ ಬಿಟ್ಟಿದ್ದರು. ರಿಷಬ್ ಶೆಟ್ಟಿ ಈಗ ಕಥೆಯನ್ನು ಹಿಂದಕ್ಕೆ, ಕದಂಬರ ಕಾಲಕ್ಕೆ ಒಯ್ದಿದ್ದಾರೆ. ಬನವಾಸಿಯ ಜಿಲ್ಲೆಯವರಾದ ನಮಗೆ ಆ ಕಾಲವೆಂದರೆ ಮನೆಯ ಮಾತು. ಅರವಿಂದ ಕಶ್ಯಪ್ ಅವರ ಕ್ಯಾಮೆರಾದಲ್ಲಿ ಬೆಂಕಿ ಎಷ್ಟು ಚಂದವೋ ಕತ್ತಲೂ ಅಷ್ಟೇ ಚಂದ. ಇಂಥದನ್ನು ಮೊಬೈಲಿನಲ್ಲಿ ನೋಡಿದವರು ನೋಡಿದ ಹಾಗಲ್ಲ.

ಬರುವಾಗ ದಾರಿಯಲ್ಲಿ ಹುಡುಗ ಕೇಳಿದ: “ಅಜ್ಜಾ, ಇದು ಮೂರು ವರ್ಷಕ್ಕೆ ಬಂತು. ಹತ್ತು, ಹದಿನೈದು ವರ್ಷ ಕಳೆದು ಬಂದಿದ್ರೆ ಜನ ಬರ್ತಿದ್ರಾ?” ತಟ್ಟನೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

8 ಅಕ್ಟೋಬರ್, ಬುಧವಾರ. ಅಂಕೋಲಾ

1968ರಲ್ಲಿ ನನಗೆ 12 ವರ್ಷ. ಆಗ ಕಾಳಿ ನದಿಗೆ ಸೇತುವೆ ಇರಲಿಲ್ಲ. ಲಾಂಚಿನಲ್ಲಿ ದಾಟಿ ಸದಾಶಿವಗಡ, ಅಲ್ಲಿಂದ ಮುಂದೆ ಗೋವಾ. ಪೋರ್ಚುಗೀಸರು ಹೋಗಿ ಏಳೇ ವರ್ಷ ಆಗಿತ್ತು. ನಮಗೆ ಗೋವಾ ಎಂದರೆ ನೆಂಟರ ಊರು. ಆ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂತು. ರಾಜಕುಮಾರ್ ಕೋಟು ಹಾಕಿ ಪಿಸ್ತೂಲು ಹಿಡಿದು ನಮ್ಮ ಪಕ್ಕದ ಊರಿಗೆ ಬಂದರಲ್ಲ ಎಂದು ಶಾಲೆಯಲ್ಲಿ ವಾರಗಟ್ಟಲೆ ಅದೇ ಮಾತು. ಅದಕ್ಕೂ ಮುಂಚೆ ಅದೇ ವರ್ಷ ಅದೇ ಸಿ.ಐ.ಡಿ.ಯ ‘ಜೇಡರ ಬಲೆ’ ಬಂದಿತ್ತು. 1969ಕ್ಕೆ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ಆಮೇಲೆ ಒಂಬತ್ತು ವರ್ಷ ಸುದ್ದಿಯಿಲ್ಲ.

1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದಾಗ ನಾನು ಮಾಸ್ತರಿಕೆಗೆ ಸೇರಿದ್ದೆ. ಕಪ್ಪು ಬಿಳುಪು ಹೋಗಿ ಬಣ್ಣ ಬಂದಿತ್ತು. ನೇಪಾಳದ ಗುಡಿಗಳು, ಬೆಟ್ಟಗಳು. ರಾಜಕುಮಾರ್ ಬಾಯಲ್ಲಿ ಇಂಗ್ಲಿಷ್ ಹಾಡು! ಒಂಬತ್ತು ವರ್ಷ ಯಾಕೆ ತಡ ಮಾಡಿದಿರಿ ಎಂದು ಯಾರೂ ಕೇಳಲಿಲ್ಲ. ದೊರೈ–ಭಗವಾನ್ ಜೋಡಿ ಕಣ್ಣಿಗೆ ಹೊಸದನ್ನು ಕೊಟ್ಟಿತ್ತು, ಮನುಷ್ಯ ಮಾತ್ರ ನಮಗೆ ಗೊತ್ತಿದ್ದವನೇ. ಅದನ್ನು ನಾನು ಎರಡು ಸಲ ನೋಡಿದೆ.

19 ಅಕ್ಟೋಬರ್, ರವಿವಾರ. ಅಂಕೋಲಾ

ನಾಳೆ ನರಕ ಚತುರ್ದಶಿ. ಹಂಡೆ ತೊಳೆದು, ಹಿಂಡಲೆಕಾಯಿ ಬಳ್ಳಿ ಸುತ್ತಿ ನೀರು ತುಂಬಿದೆವು.

ತಡವಾಗಿ ಬಂದು ಸೋತ ಸಿನೆಮಾಗಳನ್ನೂ ನೆನೆಯಬೇಕು. ‘ಮುಂಗಾರು ಮಳೆ’ 2006ರ ಡಿಸೆಂಬರ್ 29ಕ್ಕೆ ಬಂತು. ವರ್ಷಕ್ಕೆ ನಾಲ್ಕು ತಿಂಗಳು ಬಟ್ಟೆ ಒಣಗದೆ, ಗೋಡೆಗೆ ಬೂಷ್ಟು ಹಿಡಿದು ಬೇಸತ್ತ ನಮಗೇ ಮಳೆ ಇಷ್ಟು ಚಂದವೇ ಎನಿಸಿದ ಸಿನೆಮಾ ಅದು. ಎಸ್. ಕೃಷ್ಣ ಅವರ ಕ್ಯಾಮೆರಾ, ಜೋಗ, ಮನೋಮೂರ್ತಿ ಸಂಗೀತ, ನಮ್ಮ ಗೋಕರ್ಣದ ಜಯಂತ ಕಾಯ್ಕಿಣಿಯವರ ಹಾಡು. ಕೊನೆಗೆ ಪ್ರೀತಮ್ ಹುಡುಗಿಯನ್ನು ಬಿಟ್ಟುಕೊಟ್ಟ, ಮೊಲ ದೇವದಾಸ ಸತ್ತಿತು, ಕಥೆ ಮುಗಿಯಿತು. ಅದರ ಮುಂದೆ ಹೇಳಲು ಒಂದು ಸಾಲೂ ಉಳಿದಿರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ‘ಮುಂಗಾರು ಮಳೆ 2’ ಬಂದಾಗ ಗಣೇಶ್ ಇದ್ದರು, ಹೆಸರಿತ್ತು. ನಿರ್ದೇಶಕರು ಬೇರೆ, ಸಂಗೀತ ಬೇರೆ, ಕಥೆಯೂ ಬೇರೆ. ಎರಡನೇ ವಾರ ನಾನು ಹೋದಾಗ ಮುಂದಿನ ಸಾಲುಗಳು ಖಾಲಿ. ಹಾಡು ಕೆಟ್ಟದಾಗಿರಲಿಲ್ಲ, ಮಳೆಯೂ ಮಳೆಯೇ. ಆದರೆ ಅದಕ್ಕಾಗಿ ಯಾರೂ ಕಾದಿರಲಿಲ್ಲ.

ನಿರ್ದೇಶಕರು ಬದಲಾದದ್ದೇ ಕಾರಣ ಎಂದುಕೊಂಡಿದ್ದೆ. ಅದೂ ಪೂರ್ತಿ ನಿಜವಲ್ಲ. ‘ಇಂಡಿಯನ್’ 1996ರದು, ‘ಇಂಡಿಯನ್ 2’ ಬಂದದ್ದು ಹೋದ ವರ್ಷ ಜುಲೈಯಲ್ಲಿ. 28 ವರ್ಷದ ಮೇಲೆ ಅದೇ ಶಂಕರ್, ಅದೇ ಕಮಲ್ ಹಾಸನ್, ಮೊದಲಿಗಿಂತ ದೊಡ್ಡ ವೈಭವ. ಜನ ಒಪ್ಪಲಿಲ್ಲ. 2001ರ ‘ಗದರ್’ಗೆ 22 ವರ್ಷದ ಮೇಲೆ ಎರಡನೇ ಭಾಗ ಬಂದಾಗ ಮುಗಿಬಿದ್ದರು. ವರ್ಷ ಎಣಿಸಿದರೆ ಉತ್ತರ ಸಿಗುವುದಿಲ್ಲ.

6 ಡಿಸೆಂಬರ್, ಶನಿವಾರ. ಅಂಕೋಲಾ

ರಾತ್ರಿ ಯಕ್ಷಗಾನದ ಆಟಕ್ಕೆ ಹೋಗಿದ್ದೆ. ಪ್ರಸಂಗ ‘ಭೀಷ್ಮ ವಿಜಯ’. ಬೆಳಗಿನ ಜಾವದ ಚಳಿಗೆ ಶಾಲು ಹೊದ್ದು ಕೂತವರಲ್ಲಿ ಕಥೆ ಗೊತ್ತಿಲ್ಲದವನು ಒಬ್ಬನೂ ಇರಲಿಕ್ಕಿಲ್ಲ. ಅಂಬೆಯನ್ನು ಸಾಲ್ವ ಒಲ್ಲೆನೆಂದ, ಭೀಷ್ಮ ಒಲ್ಲೆನೆಂದ, ಗುರು ಪರಶುರಾಮನೇ ಬಂದರೂ ನ್ಯಾಯ ಸಿಗಲಿಲ್ಲ. ಅವಳು ಇನ್ನೊಂದು ಜನ್ಮಕ್ಕೆ ಹಗೆ ಹೊತ್ತು ಹೊರಟಾಗ ಚಂಡೆ ನಿಂತಿತು. ಪ್ರಸಂಗಕ್ಕೆ ಭೀಷ್ಮನ ಗೆಲುವಿನ ಹೆಸರು, ಮನಸ್ಸೆಲ್ಲ ಅಂಬೆಯ ಹಿಂದೆ.

ಮನೆಗೆ ನಡೆಯುವಾಗ ಹೊಳೆಯಿತು. ನಾವು ಎರಡನೆಯ ಭಾಗಕ್ಕೆ ಕಾಯುವುದನ್ನು ಕಲಿತದ್ದು ಇಲ್ಲಿ. ಅಂಬೆ ಶಿಖಂಡಿಯಾಗಿ ಕುರುಕ್ಷೇತ್ರಕ್ಕೆ ಬರಲು ಒಂದು ಜನ್ಮವೇ ಹಿಡಿಯಿತು. ಅಷ್ಟು ತಡವಾದರೂ ಅವಳು ಬರಲೇಬೇಕು, ಯಾಕೆಂದರೆ ಅವಳ ಲೆಕ್ಕ ಚುಕ್ತಾ ಆಗಿಲ್ಲ. ಬಾಕಿ ಉಳಿದಿದ್ದರೆ ಜನ ಮರೆಯುವುದಿಲ್ಲ. ಪ್ರೀತಮನ ಹತ್ತಿರ ಅಂಥ ಬಾಕಿ ಇರಲಿಲ್ಲ.

21 ಡಿಸೆಂಬರ್, ರವಿವಾರ. ಕಾರವಾರ

ಮಡಗಾಂವಿಗೆ ಹೋಗಿ ‘ಅವತಾರ್: ಫೈರ್ ಆ್ಯಂಡ್ ಆ್ಯಶ್’ ನೋಡಿ ಈಗಷ್ಟೇ ಬಂದೆವು. ನಾನು, ಮೊಮ್ಮಗ, ಮಗಳ ಅತ್ತೆ. ಅವರು ಬರುತ್ತೇನೆಂದದ್ದು ನನಗೆ ಆಶ್ಚರ್ಯ. ತ್ರಿಡಿಯಲ್ಲೇ ನೋಡಬೇಕು ಎಂದು ಹುಡುಗನ ಹಟ. ಶಿರವಾಡದ ನಿಲ್ದಾಣದಲ್ಲಿ ರೈಲು ಹತ್ತಿ, ಕಾಳಿ ದಾಟಿ, ಅಸ್ನೋಟಿ, ಕಾಣಕೋಣ ಕಳೆದು ಹೋದೆವು. ಸಿನೆಮಾ 3 ಗಂಟೆ 17 ನಿಮಿಷ.

ಜೇಮ್ಸ್ ಕ್ಯಾಮೆರಾನ್ ಮೊದಲ ‘ಅವತಾರ್’ ತಂದದ್ದು 2009ರಲ್ಲಿ, ಎರಡನೆಯದು 2022ರಲ್ಲಿ. ನಡುವೆ 13 ವರ್ಷ. ಆ ನೀಲಿ ಜನರ ಹೆಸರೂ ಯಾರಿಗೂ ನೆನಪಿಲ್ಲ, ಇನ್ಯಾರು ಬರುತ್ತಾರೆ ಎಂದು ಬರೆದವರಿದ್ದರು. ಮೊದಲನೆಯದರ ಗಳಿಕೆ 290 ಕೋಟಿ ಡಾಲರ್ ದಾಟಿದೆ, ಎರಡನೆಯದಕ್ಕೆ 230 ಕೋಟಿ ಡಾಲರ್ ಬಂತು. ಹೆಸರು ಮರೆತವರೂ ಬಂದಿದ್ದರು ಎಂದಾಯಿತು.

ಕಣ್ಣಿಗೂ ಒಂದು ಬಾಕಿ ಇರುತ್ತದೆಯೇನೋ. ಮೊದಲನೆಯದರಲ್ಲಿ ಕಾಡು ನೋಡಿದೆವು, ಕಡಲು ನೋಡಿರಲಿಲ್ಲ. ಅದನ್ನು ತೋರಿಸಲು ದೊಡ್ಡ ತೊಟ್ಟಿ ಕಟ್ಟಿಸಿ, ನಟರನ್ನು ನಿಜವಾಗಿ ನೀರಿಗಿಳಿಸಿ ಅವರ ಚಲನೆ ದಾಖಲಿಸಿದರು. ಕೇಟ್ ವಿನ್ಸ್ಲೆಟ್ 7 ನಿಮಿಷಕ್ಕೂ ಹೆಚ್ಚು ಹೊತ್ತು ಉಸಿರು ಹಿಡಿದಿದ್ದರಂತೆ. ನಮ್ಮ ಕಡೆಯವರ ಮುಂದೆ ನೀರಿನ ವಿಷಯದಲ್ಲಿ ಸುಳ್ಳು ನಡೆಯುವುದಿಲ್ಲ. ತೆರೆ ಎಲ್ಲಿ ಒಡೆಯುತ್ತದೆ, ಬಿಸಿಲು ಎಷ್ಟು ಮಾರು ಒಳಗೆ ಇಳಿಯುತ್ತದೆ ಎಂಬುದು ಬೈತಖೋಲದ ಹುಡುಗರಿಗೆ ಗೊತ್ತು. ಆಗ ಅದನ್ನು ನೋಡಿ ಬಂದ ಒಬ್ಬ ಬೋಟಿನವನು, “ನೀರು ನೀರಿನ ಹಾಗೇ ಇತ್ತು” ಎಂದಿದ್ದ. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಗೊತ್ತಿಲ್ಲ. ಕಾಯಿಸಿದ ವರ್ಷಗಳಲ್ಲಿ ಕೆಲಸ ಆಗಿತ್ತು.

ಈ ಮೂರನೆಯದರಲ್ಲಿ ಬೂದಿಯ ಜನ ಬರುತ್ತಾರೆ. ಕೆಲವು ಕಡೆ ನೋಡಿದ್ದನ್ನೇ ನೋಡಿದ ಹಾಗಾಯಿತು, ಅರ್ಧ ಗಂಟೆ ಕಡಿಮೆ ಮಾಡಬಹುದಿತ್ತು. ಆದರೆ ಸತ್ತ ಮಗನನ್ನು ನೆನೆಯುವ ಆ ತಾಯಿಯ ಮುಖ ಕಣ್ಣಿಂದ ಹೋಗುತ್ತಿಲ್ಲ.

24 ಡಿಸೆಂಬರ್, ಬುಧವಾರ. ಕಾರವಾರ

ನಾಳೆ ಅಂಕೋಲೆಗೆ ವಾಪಸು. ಬೆಳಿಗ್ಗೆ ಚಹಾ ಕುಡಿಯುವಾಗ ಬೀಗಿತ್ತಿಯವರನ್ನು ಕೇಳಿದೆ, “ಅಕ್ಕಾ, ಅಷ್ಟು ದೂರ ಬಂದ್ರಲ್ಲ, ನಿಮಗೆ ಅದರಲ್ಲಿ ಏನು ಹಿಡಿಸ್ತು?”

ಅವರದು ಅರಗಾ ಕಡೆಯ ಕುಟುಂಬ. ಸೀಬರ್ಡ್ ನೌಕಾನೆಲೆಗಾಗಿ ಮನೆ, ಗದ್ದೆ ಬಿಟ್ಟವರು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದರು. 2005ರಲ್ಲಿ ‘ಐಎನ್‌ಎಸ್ ಕದಂಬ’ ಶುರುವಾಯಿತು. ನಡುವೆ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಊರು ಬಿಟ್ಟವು. ದೇಶಕ್ಕೆ ನೌಕಾನೆಲೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಬಿಟ್ಟವರ ದುಃಖದಲ್ಲೂ ಎರಡು ಮಾತಿಲ್ಲ.

ಅವರು ಲೋಟ ಕೆಳಗಿಟ್ಟು ಹೇಳಿದರು: “ಮಾಸ್ತರ್ರೆ, ಮೊದಲನೇದನ್ನು ಟೀವಿಯಲ್ಲಿ ನೋಡಿದ್ದೆ. ಆ ದೊಡ್ಡ ಮರ ಬೀಳಿಸಿದ್ರಲ್ಲ, ನಂಗೆ ನಮ್ಮ ಅಂಗಳದ ಹಲಸಿನ ಮರದ್ದೇ ನೆನಪು. ಮರ ಬಿದ್ದದ್ದನ್ನು ಎಲ್ಲರೂ ತೋರಿಸ್ತಾರೆ. ಆಮೇಲೆ ಅವರೆಲ್ಲ ಎಲ್ಲಿ ಹೋದ್ರು, ಹೆಂಗೆ ಬದುಕಿದ್ರು ಅಂತ ಯಾರೂ ತೋರಿಸೂದಿಲ್ಲ. ಎರಡನೇದರಲ್ಲಿ ಆ ಸಂಸಾರ ಕಾಡು ಬಿಟ್ಟು ಬೇರೆಯವರ ದಂಡೆಗೆ ಹೋಗ್ತದೆ, ಅಲ್ಲಿನ ಹುಡುಗರು ಇವರ ಮಕ್ಕಳನ್ನು ನೋಡಿ ನಗ್ತಾರೆ. ನಮ್ಮ ಮಕ್ಕಳಿಗೂ ಹೊಸ ಶಾಲೆಯಲ್ಲಿ ಹಾಗೇ ಆಗಿತ್ತು. ಮುಂದೇನಾಯ್ತು ಅಂತ ನೋಡ್ಬೇಕಿತ್ತು, ಅದಕ್ಕೇ ಬಂದೆ.”

ಮೊಮ್ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅಕ್ಟೋಬರಿನಲ್ಲಿ ಅವನು ಕೇಳಿದ್ದಕ್ಕೆ ನಾನು ಮತ್ತೆ ಉತ್ತರ ಹೇಳಲು ಹೋಗಲಿಲ್ಲ.

ನಾಲ್ಕನೆಯ ‘ಅವತಾರ್’ಗೆ 2029ರ ಡಿಸೆಂಬರ್ ಎಂದು ದಿನ ಹೇಳಿದ್ದಾರೆ. ಆಗ ಹುಡುಗನಿಗೆ 19, ನನಗೆ 73, ಬೀಗಿತ್ತಿಯವರಿಗೆ 70. ಮೂರು ಟಿಕೆಟ್ ತೆಗೆಸು ಎಂದು ಅವನಿಗೆ ಹೇಳಿಟ್ಟಿದ್ದೇನೆ.