ಸಂಕಟ ಬಂದಾಗ

ಎಚ್.ಡಿ. ಕೋಟೆ ಕಡೆ ಒಂದು ಹಾಡಿಯಲ್ಲಿ ಹೆಲ್ತ್ ಕ್ಯಾಂಪ್ ಇದೆ, ಚೀಟಿ ಬರೆಯೋಕೆ ಹುಡುಗರು ಬೇಕು ಅಂದಾಗ ನಾವು ನಾಲ್ಕು ಜನ ಕೈ ಎತ್ತಿದ್ವಿ. ನಿಜ ಹೇಳ್ಬೇಕಂದ್ರೆ ಆ್ಯಕ್ಟಿವಿಟಿ ಪಾಯಿಂಟ್ಸ್ ಆಸೆ. ಮೈಸೂರಿಂದ ಹೋಗ್ತಾ ಬಸ್ಸಲ್ಲಿ ಸೀನಿಯರ್ ಒಬ್ಬರು ಕಥೆ ಹೇಳಿದ್ರು: 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಮುಂದೆ ಇದೇ ಕಾಡಂಚಿನ ಹಾಡಿಗಳ ಜನಕ್ಕೆ ಆಸ್ಪತ್ರೆ ಮಾಡಿದ್ರಂತೆ. ಕೇಳಿ ನಮ್ಮ ಎದೆಯೂ ಉಬ್ಬಿತು.

"ಕನ್ನಡ ಬರುತ್ತಲ್ಲ?" ಅಂದ್ರು ಡಾಕ್ಟರ್ ಮೇಡಂ. "ಮನೇಲಿ ಅದೇ ಮೇಡಂ."

ಸುಳ್ಳಲ್ಲ. ಆದ್ರೆ ನಮ್ಮ ಕನ್ನಡ ಊಟ ಆಯ್ತಾ, ಚಾರ್ಜರ್ ಎಲ್ಲಿ ಅನ್ನೋವಷ್ಟು. ಯಾರೋ "ಹೊಟ್ಟೆ ತೊಳೆಸ್ತದೆ" ಅಂದ್ರೆ ನಾವು ಮುಖ ಮುಖ ನೋಡ್ಕೊಂಡ್ವಿ. "ಅರವತ್ತೆಂಟು" ಅಂದ್ರೆ ಬೆರಳು ಮಡಿಸಿದ್ವಿ. ನಗ್ತಾನೇ ಇದ್ವಿ.

ಆಮೇಲೆ ಜೇನುಕುರುಬರ ಅಜ್ಜಿಯೊಬ್ಬರು ಬಂದ್ರು. "ಎದೆ ಸಂಕಟ ಆಯ್ತದೆ ಕಣಪ್ಪ" ಅಂದ್ರು. ನಮಗೆ ಗೊತ್ತಿದ್ದ ಸಂಕಟ ಒಂದೇ, ವೆಂಕಟರಮಣನ ಗಾದೆಯದು. ಕಷ್ಟ, ಟೆನ್ಶನ್. ಚೀಟಿ ಮೇಲೆ ಇಂಗ್ಲಿಷಲ್ಲಿ 'ಸ್ಟ್ರೆಸ್' ಅಂತ ಬರೆದು ಕೌನ್ಸೆಲಿಂಗ್ ಸಾಲಿಗೆ ಕಳಿಸಿದ್ವಿ. ಅಲ್ಲಿ 40 ನಿಮಿಷ ಎದೆ ಹಿಡ್ಕೊಂಡು ಕೂತಿದ್ರು. ಅವರ ಸರದಿ ಬಂದಾಗ, ಮಾತಾಡಿಸಿದ ಕೌನ್ಸೆಲರ್ ಎದ್ದು ಡಾಕ್ಟರ ಹತ್ರ ಓಡಿದ್ರು. ಇಸಿಜಿ ಆಯ್ತು. ಹಾರ್ಟಿನ ತೊಂದರೆ ಇರಬಹುದು, ಬೇಗ ಜೀಪ್ ತನ್ನಿ ಅಂದ್ರು.

ಮೇಡಂ ಬಯ್ಯಲಿಲ್ಲ. "ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೀರಿ, ಕನ್ನಡದಲ್ಲೇ" ಅಂದ್ರು, ಅಷ್ಟೇ. ಬಯ್ದಿದ್ರೆ ಎಷ್ಟೋ ವಾಸಿ ಇತ್ತು. ಮನೆಯಲ್ಲಿ ಆ ಅಜ್ಜಿ ಆಡೋದು ಜೇನುಕುರುಬ ನುಡಿಯಂತೆ. ನಮಗೆ ತಿಳೀಲಿ ಅಂತಾನೇ ಅವರು ನಮ್ಮ ಕನ್ನಡಕ್ಕೆ ಬಂದಿದ್ರು.

ಜೀಪು ಹೊರಟಾಗ ಮರದಡಿಯ ಕಲ್ಲುದೇವರ ಹತ್ರ ಒಂದು ಗಳಿಗೆ ನಿಲ್ಸಿ ಅಂದ್ರು. "ಟೈಮಿಲ್ಲ ಅಜ್ಜಿ" ಅನ್ನೋದು ಬಾಯಿಗೆ ಬಂದಿತ್ತು. ಟೈಮ್ ಹಾಳು ಮಾಡಿದ್ದು ಯಾರು? ಮೇಡಂ ನಿಲ್ಲಿಸಿದ್ರು. ಅಜ್ಜಿ ಕೂತಲ್ಲೇ ಕೈ ಮುಗಿದ್ರು. ನಾವು ಇಂಟರ್ನಲ್ಸ್ ಹಿಂದಿನ ದಿನ ಚಾಮುಂಡಿ ಬೆಟ್ಟ ಹತ್ತೋ ಪೈಕಿ. ರಸ್ತೆ ಬದಿ ಚಪ್ಪಲಿ ಬಿಟ್ಟು ನಾವೂ ಕೈ ಮುಗಿದ್ವಿ. ಪಾಸ್ ಮಾಡ್ಸಪ್ಪ ಅನ್ನೋದು ಬಿಟ್ಟು ಬೇರೇನಾದ್ರೂ ಬೇಡ್ಕೊಂಡಿದ್ದು ಅದೇ ಮೊದಲು.

ರಾತ್ರಿ ಹಾಸ್ಟೆಲ್ಲಲ್ಲಿ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ. ಹನ್ನೊಂದರ ಹೊತ್ತಿಗೆ ಮೇಡಂ ಮೆಸೇಜ್ ಬಂತು: ಅಜ್ಜಿ ಪರವಾಗಿಲ್ಲ.

ಈಗ ನಮ್ಮ ರೂಮಲ್ಲಿ ಒಂದು ನೋಟ್‌ಬುಕ್ ಇದೆ. ಸಂಕಟ, ತೊಳೆಸು, ಜೋಮು, ಉಬ್ಬಸ, ಸೆಳೆತ... ಮುಂದಿನ ಕ್ಯಾಂಪಿನೊಳಗೆ ನೂರಾದ್ರೂ ಆಗಬೇಕು. ನಿಮ್ಮಜ್ಜಿ ಬಳಸೋ ಪದ ಯಾವುದಾದ್ರೂ ಇದ್ರೆ ಬಂದು ಬರೆದು ಹೋಗಿ.