ಬ್ಯಾಂಕಾಕಿನಾಗ ಓಣಿ ಹುಡುಕಿದ್ದು

ನಮ್ಮ ವೈನಿಯ ತಂಗಿ ಗಂಡಗ ಬ್ಯಾಂಕಾಕಿಗೆ ವರ್ಗ ಆಗೇದ. "ಅಕ್ಕಾ, ಎಲ್ಲಿ ಮನಿ ಹಿಡೀಬೇಕು, ಲಗೂನ ಹೇಳು" ಅಂತ ದಿನಾ ಕೇಳ್ಲಿಕತ್ಯಾಳ. ಫೋನಿನಾಗ ಹೇಳಿ ಮುಗಿಯೂ ಮಾತಲ್ಲ, ಅದಕ್ಕ ಇಲ್ಲೇ ಬರದ ಬಿಡ್ತೀನಿ.

ನಾವು ಹೋದಾಗ ನಾಕು ಮಂದಿ. ನಾವಿಬ್ರು, ಏಳು ವರ್ಷದ ಮಗಳು, ಮತ್ತ ಅತ್ತಿಯವರು. ಮಾವನವರು ತೀರಿಕೊಂಡು ಇನ್ನೂ ವರ್ಷ ಆಗಿರಲಿಲ್ಲ, ಧಾರವಾಡದ ಮನಿಗೆ ಕೀಲಿ ಹಾಕಿ ನಮ್ಮ ಜೋಡಿ ಬಂದಿದ್ರು. ನಮ್ಮ ಮನಿಯವರ ಆಫೀಸು ಅಸೋಕ್ ಸ್ಟೇಷನ್ ಹತ್ತರ. ಹಂಗಾಗಿ ಗುರ್ತಿನವರೆಲ್ಲಾ ಆಫೀಸು ಎಷ್ಟು ದೂರ, ಸಾಲಿ ಎಷ್ಟು ದೂರ ಅಂತ ಅಳದವರ. ಇಡೀ ದಿನ ಮನ್ಯಾಗ ಇರೂವರು ಎಷ್ಟು ದೂರ ನಡೀಬೇಕು ಅಂತ ಯಾರೂ ಕೇಳಲಿಲ್ಲ. ಮೊಣಕಾಲು ನೋವು, ಥಾಯ್ ಒಂದಕ್ಷರ ಬರೂದಿಲ್ಲ. ಅತ್ತಿಯವರಿಗೆ ಬ್ಯಾಂಕಾಕ್ ಅಂದ್ರ ತಾವು ನಡದಷ್ಟ ಊರು.

ಸುಖುಮ್‌ವಿಟ್ ಅಂತ ದೊಡ್ಡ ರಸ್ತೆ ಅದ, ಅದರ ಮ್ಯಾಲ 1999ರಿಂದ ಬಿಟಿಎಸ್ ರೈಲು ಓಡ್ತದ. ರಸ್ತೆಯಿಂದ ಒಳಗ ಹೋಗೂ ಓಣಿಗೆ 'ಸೋಯ್' ಅಂತಾರ. ಒಂದು ಬಾಜೂಕ ಬೆಸ ಸಂಖ್ಯೆ, ಇನ್ನೊಂದು ಬಾಜೂಕ ಸಮ. ಆದ್ರ 77ರ ಎದುರಿಗೆ 78 ಇರ್ತದ ಅನ್ಕೋಬ್ಯಾಡ್ರಿ, ಅಲ್ಲಿ ಐವತ್ತರ ಆಸುಪಾಸಿನ ಸೋಯ್ ಬರ್ತಾವ. ಏಜೆಂಟ್ "ಸ್ಟೇಷನ್ನಿಗೆ ಐದು ನಿಮಿಷ" ಅಂದ್ರ ಬೈಕ್ ಮ್ಯಾಲ ಐದು ನಿಮಿಷ ಅಂತ ತಿಳ್ಕೋರಿ. ಸೋಯ್ ಬಾಯಾಗ ಕಿತ್ತಳಿ ಜಾಕೀಟಿನ ಬೈಕ್ ಟ್ಯಾಕ್ಸಿಯವರು ಕೂತಿರ್ತಾರ. ಎಪ್ಪತ್ತು ದಾಟಿದ ಅತ್ತಿಯವರು ಸೀರಿ ಉಟ್ಟು ಅದರ ಹಿಂದ ಕೂಡೂದು ಆಗೂ ಮಾತೇನು?

ಮದ್ಲ ಸಾಲಿ ಹತ್ತರ, ಊರ ಹೊರಗ, ಗೇಟು ಹಾಕಿದ 'ಮೂ ಬಾನ್' ನೋಡಿದ್ವಿ. ಚಂದನೆ ಮನಿ, ತುಳಸಿಗೆ ಹಿತ್ತಲ. ಆದ್ರ ರಸ್ತಾದಾಗ ಒಂದು ನರಪಿಳ್ಳಿ ಇಲ್ಲ, ಕೊತ್ತಂಬರಿ ಬೇಕಂದ್ರೂ ಕಾರು. ಆಮ್ಯಾಲ ಫಾಹುರತ್, ಅಲ್ಲಿಯ ಲಿಟಲ್ ಇಂಡಿಯಾ. ಅರಿವಿ ಅಂಗಡಿ, ಗುರುದ್ವಾರ, ತೊಗರಿಬ್ಯಾಳಿ, ಕರಿಬೇವು. ಅತ್ತಿಯವರ ಮಾರಿ ಅರಳ್ತು. ಸಾಲಿ ಬಸ್ಸು ಮಾತ್ರ ಆ ಕಡೆ ಬರೂದಿಲ್ಲ ಅಂದ್ರು, ಅದನ್ನ ತಿಂಗಳಿಗೊಮ್ಮೆ ಸಂತಿಗೆ ಇಟ್ಕೊಂಡ್ವಿ.

ಕಡೀಕ ಆನ್ ನುಟ್. ಅಸೋಕಿಗೆ ಐದು ಸ್ಟೇಷನ್. ಮಗಳಿಗೆ ಮಾತ್ರ ಬಸ್ಸಿನಾಗ ಮುಕ್ಕಾಲು ತಾಸು. ಇದಕ್ಕ ಮನ್ಯಾಗ ಎರಡು ದಿನ ಜಗಳ ಆತು. "ಸಣ್ಣ ಹುಡುಗಿಗೆ ಯಾಕ ತ್ರಾಸು?" ಅಂತ ಇವರು. ಅದಕ್ಕ ಸಾಲ್ಯಾಗ ನಾಕು ದಿನಕ್ಕ ಗೆಳತ್ಯಾರು ಸಿಗ್ತಾರ, ನಿಮ್ಮವ್ವಗ ಗ್ವಾಡಿ ಬಿಟ್ಟು ಯಾರು ಸಿಗ್ತಾರ ಅಂದೆ. ಅತ್ತಿಯವರು ಬಾಗಿಲ ಮರಿಗೆ ನಿಂತು ಕೇಳಿದ್ರು, ಒಂದು ಮಾತೂ ಆಡಲಿಲ್ಲ. ಮರುದಿನ ಇವರ ಮಗಳ ಬಸ್ಸಿನ ರೊಕ್ಕ ಕಟ್ಟಿ ಬಂದ್ರು.

ಅಲ್ಲೂ ಮದ್ಲ ಮನಸಿಗೆ ಬಂದ ಮನಿ ಬಿಟ್ವಿ. ಮೇದಿಂದ ಅಕ್ಟೋಬರ್ ತನಕ ಅಲ್ಲಿ ಮಳಿಗಾಲ. ನೀರು ಎಲ್ಲಿ ತನಕ ಬರ್ತದ ಅಂತ ಸನ್ನಿ ಮಾಡಿ ಬೈಕಿನವರನ್ನ ಕೇಳಿದ್ರ, ಒಬ್ಬಾಂವ ನಕ್ಕೋತ ಮೊಣಕಾಲಿಗೆ ಕೈ ಹಚ್ಚಿ ತೋರಿಸಿದ. ಪಕ್ಕದ ಸೋಯ್ ಸ್ವಲ್ಪ ಎತ್ತರ, ಅಲ್ಲಿ ಹಿಡದ್ವಿ. ಏಜೆಂಟಿಗಿಂತ ಈ ಬೈಕಿನವರನ್ನ ನಂಬ್ರಿ.

ಮನಿ ಮುಂದ ಕಂಬದ ಮ್ಯಾಲ ಪುಟ್ಟ ಗುಡಿ, ಅದಕ್ಕ ಕೆಂಪು ಫ್ಯಾಂಟಾ ಬಾಟ್ಲಿಗೆ ಸ್ಟ್ರಾ ಹಾಕಿ ನೈವೇದ್ಯ! ಅತ್ತಿಯವರು ಎರಡು ದಿನ ನಕ್ಕರು, ಮೂರನೇ ದಿನ ತಾವೂ ಕೈ ಮುಗದ್ರು. ನೂರು ಹೆಜ್ಜಿ ಮುಂದ ಮಲ್ಲಿಗಿ ಮಾಲಿ ಕಟ್ಟೂ ಬಾಯಿ ಕೂಡ್ತಿದ್ಲು. ದೇವರಿಗೆ ಹೂವು ತರೂ ನೆವದಾಗ ಇವರು ದಿನಾ ಅಲ್ಲೇ. ಆಕಿ ಕಟ್ಟೂ ರೀತಿ ಬ್ಯಾರೆ, ಸೂಜಿಲೆ ಪೋಣಸ್ತಾಳ ಅಂತ ಮನಿಗೆ ಬಂದು ವರದಿ. ಹಳದಿ ಪತಾಕಿ ಮ್ಯಾಲ ಕೆಂಪು ಅಕ್ಷರ ಇದ್ದ ಅಂಗಡಿಯನ್ನೂ ಅವರ ಹುಡುಕಿದ್ರು. ಅದು 'ಜೇ' ಊಟ. ಮಾಂಸ ಮೀನಂತೂ ಇಲ್ಲ, ಬಳ್ಳೊಳ್ಳಿ ಉಳ್ಳಾಗಡ್ಡಿ ಸೈತ ಇಲ್ಲ, ನಮ್ಮ ಏಕಾದಶಿಯವರ ಪೈಕಿ!

ಇನ್ನ ಕಾಗದದ ಮಾತು. ಸಾಮಾನ್ಯವಾಗಿ ಎರಡು ತಿಂಗಳ ಬಾಡಿಗಿ ಡಿಪಾಸಿಟ್, ಒಂದು ತಿಂಗಳದ್ದು ಮುಂಗಡ ಕೇಳ್ತಾರ. ಕರೆಂಟ್ ಬಿಲ್ಲು ಸರಕಾರಿ ದರಕ್ಕೋ ಮಾಲಕನ ದರಕ್ಕೋ ಕೇಳ್ರಿ. ಪರದೇಶದವರು ಬಂದು ಇಳದಾರ ಅಂತ ಮಾಲಕರು 24 ತಾಸಿನಾಗ ಇಮಿಗ್ರೇಷನ್ನಿಗೆ ತಿಳಸಬೇಕು, ಅದಕ್ಕ ಟಿಎಂ30 ಅಂತಾರ. ಅದರ ಪಾವತಿ ಕೈಯಾಗ ಬಂದ ಮ್ಯಾಲ ಒಂದು ಝೆರಾಕ್ಸ್ ತಗದು ಪಾಸ್‌ಪೋರ್ಟಿನ ಜೋಡಿ ಇಟ್ಕೋರಿ.