ಕೂಸಿನ ಕೈಕಾಲಾಟ

ಮೂರು ತಿಂಗಳ ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಮನೆಮಂದಿಯೆಲ್ಲ ಸುತ್ತ ಕುಳಿತು ನೋಡುವುದು ನಮ್ಮ ಮನೆಗಳ ಹಳೆಯ ವಿನೋದ. ಟಿಕೆಟ್ಟಿಲ್ಲದ ನಾಟಕ! ಕೂಸು ಕೈ ಬೀಸುತ್ತದೆ, ಕಾಲು ಝಾಡಿಸುತ್ತದೆ, ಮುಷ್ಟಿ ಬಿಗಿದು ಬಿಚ್ಚುತ್ತದೆ. ಈ ಆಟಕ್ಕೂ ಒಂದು ವ್ಯಾಕರಣವುಂಟೆಂದು, ಅದನ್ನು ಬಲ್ಲವರು ಮಗುವಿನ ಮುಂದಿನ ನಡಿಗೆಯನ್ನು ಆಗಲೇ ಊಹಿಸಬಲ್ಲರೆಂದು ನಾನು ತಿಳಿದದ್ದು ಈಚೆಗೆ.

ಈ ವ್ಯಾಕರಣವನ್ನು ಬಿಡಿಸಿದವರು ಹೈನ್ಸ್ ಪ್ರೆಷ್ಟಲ್. ವಿಯೆನ್ನಾದಲ್ಲಿ ಹುಟ್ಟಿ, ನೆದರ್ಲೆಂಡ್ಸಿನ ಗ್ರೋನಿಂಗೆನ್ ನಗರದಲ್ಲಿ ದುಡಿದವರು. ಮೊದಲು ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸಮಾಡಿದ್ದರು. ಪ್ರಾಣಿಯನ್ನು ಮುಟ್ಟದೆ, ಕೆಣಕದೆ, ಸುಮ್ಮನೆ ನೋಡುತ್ತ ಕೂರುವ ಆ ಶಾಸ್ತ್ರದ ತಾಳ್ಮೆಯನ್ನೇ ತೊಟ್ಟಿಲ ಬಳಿಗೆ ತಂದರು. ಕೂಸುಗಳ ವಿಡಿಯೋ ತೆಗೆದು ಮತ್ತೆ ಮತ್ತೆ ನೋಡಿದರು. ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿ ಸುಮಾರು 9ನೆಯ ವಾರದಿಂದ 20ನೆಯ ವಾರದವರೆಗೆ, ಎಚ್ಚರವಾಗಿರುವ ಆರೋಗ್ಯವಂತ ಕೂಸಿನ ಕುತ್ತಿಗೆ, ಮಣಿಕಟ್ಟು, ಸೊಂಟ, ಕಣಕಾಲುಗಳಲ್ಲಿ ಸಣ್ಣ ಸಣ್ಣ ಚಲನೆಗಳು ಎಲ್ಲ ದಿಕ್ಕಿಗೂ ಹರಿದಾಡುತ್ತಿರುತ್ತವೆ. ಮಗು ಅತ್ತಾಗಲೋ ಏನನ್ನಾದರೂ ದಿಟ್ಟಿಸಿದಾಗಲೋ ನಿಲ್ಲುತ್ತವೆ. ‘ಮಿಡುಕಾಟ’ ಎಂಬ ನಮ್ಮ ಮಾತು ಇದಕ್ಕೆ ಒಪ್ಪೀತೆಂದು ತೋರುತ್ತದೆ.

ಪ್ರೆಷ್ಟಲ್ ಮತ್ತು ಸಂಗಡಿಗರು 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 130 ಕೂಸುಗಳ ಲೆಕ್ಕ ಕೊಟ್ಟರು. ಮಿಡುಕಾಟ ಸರಿಯಾಗಿದ್ದ 70 ಕೂಸುಗಳಲ್ಲಿ 67 ನರದೋಷವಿಲ್ಲದೆ ಬೆಳೆದುವು. ಮಿಡುಕಾಟವೇ ಇಲ್ಲದಿದ್ದ ಅಥವಾ ವಿಕಾರವಾಗಿದ್ದ 60ರಲ್ಲಿ 57ಕ್ಕೆ ದೋಷ ಕಾಣಿಸಿಕೊಂಡಿತು.

ಇದನ್ನು ಓದುವಾಗ ನನಗೆ ನನ್ನ ಸೋದರಸೊಸೆಯ ನೆನಪಾಯಿತು. ಅವಳ ಮಗು ದಿನ ತುಂಬುವ ಮೊದಲೇ ಹುಟ್ಟಿದ್ದು. “ಇವನ ಕಾಲಲ್ಲಿ ಏನೋ ಬಿಗಿ ಇದೆ ಅತ್ತೆ” ಎಂದು ನಾಲ್ಕನೆಯ ತಿಂಗಳಲ್ಲೇ ಅವಳು ಹೇಳಿದ್ದಳು. “ಕೆಲವು ಮಕ್ಕಳು ನಿಧಾನ, ನಿನ್ನ ಗಂಡ ನಡೆದದ್ದೂ ಎರಡು ವರ್ಷಕ್ಕೇ” ಎಂದರು ಮನೆಯ ಹಿರಿಯರು. ಕಾದು ನೋಡೋಣವೆಂದರು ವೈದ್ಯರು. ‘ಸೆರೆಬ್ರಲ್ ಪಾಲ್ಸಿ’ ಎಂಬ ಹೆಸರು ಅವಳ ಕಿವಿಗೆ ಬಿದ್ದದ್ದು ಒಂದೂವರೆ ವರ್ಷದ ಮೇಲೆ. ಲೋಕದಲ್ಲೆಲ್ಲ ಬಹುಕಾಲ ನಡೆದು ಬಂದದ್ದೂ ಹೀಗೆಯೇ; 12ರಿಂದ 24 ತಿಂಗಳಾಗುವವರೆಗೆ ಈ ರೋಗವನ್ನು ನಿರ್ಧರಿಸುತ್ತಿರಲಿಲ್ಲ. ಆದರೆ ಮೆದುಳು ಹಸಿ ಮಣ್ಣಿನಂತೆ ಮೃದುವಾಗಿದ್ದು, ಅಂಗಸಾಧನೆಗೆ ಒಗ್ಗುವ ಕಾಲವೂ ಅದೇ ಅಲ್ಲವೆ?

ಮಿಡುಕಾಟವನ್ನು ಗುರುತಿಸುವಷ್ಟು ಪಳಗಿದ ಕಣ್ಣುಗಳು ವಿರಳ. ಅದಕ್ಕಾಗಿಯೇ ಕ್ಯಾಮೆರಾ ಮತ್ತು ಕಂಪ್ಯೂಟರಿನ ನೆರವು. ಕೂಸಿನ ಮೈಗೆ ತಂತಿಯನ್ನೇನೂ ಅಂಟಿಸಬೇಕಾಗಿಲ್ಲ. ಚಿತ್ರದ ಪ್ರತಿ ಚೌಕಟ್ಟಿನಲ್ಲಿಯೂ ಯಂತ್ರ ಭುಜ, ಮೊಣಕೈ, ಮೊಣಕಾಲುಗಳಿಗೆ ರಂಗೋಲಿಯಂತೆ ಚುಕ್ಕೆಯಿಟ್ಟು, ಯಾವ ಚುಕ್ಕೆ ಎಲ್ಲಿಗೆ ಸರಿಯಿತೆಂದು ಲೆಕ್ಕ ಹಾಕುತ್ತದೆ. ನಾರ್ವೆಯ ವಿದ್ವಾಂಸರ ಮುಂದಾಳುತನದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಪಾಯವಿದ್ದ 557 ಕೂಸುಗಳನ್ನು ಹೀಗೆ ಪರೀಕ್ಷಿಸಿದರು. ಭಾರತದ ಮಕ್ಕಳೂ ಅದರಲ್ಲಿದ್ದರು. ಮುಂದೆ ಸೆರೆಬ್ರಲ್ ಪಾಲ್ಸಿ ಕಂಡ ಮಕ್ಕಳಲ್ಲಿ ನೂರಕ್ಕೆ 71ರಷ್ಟನ್ನು ಯಂತ್ರ ಮೊದಲೇ ಗುರುತಿಸಿತು. ಕಾಣದವರಲ್ಲಿ ನೂರಕ್ಕೆ 94ರಷ್ಟನ್ನು ದೋಷವಿಲ್ಲವೆಂದು ಸರಿಯಾಗಿ ಹೇಳಿತು.

ಸಾಧನೆ ದೊಡ್ಡದೇ. ಆದರೂ ಆ ಉಳಿದ 29 ನನ್ನನ್ನು ಬಿಡಲೊಲ್ಲದು. ಯಂತ್ರವೇ ಸರಿ ಎಂದ ಮೇಲೆ ನಿನ್ನದೇನು ಶಂಕೆ ಎಂದು ತಾಯಿಯ ಬಾಯಿ ಮುಚ್ಚಿಸಿದರೆ, “ಕೆಲವು ಮಕ್ಕಳು ನಿಧಾನ” ಎಂದ ಹಿರಿಯರಿಗೂ ಅದಕ್ಕೂ ಭೇದವೇನು? ಇನ್ನು ಸುಳ್ಳು ಎಚ್ಚರಿಕೆ ಬಂದ ಮನೆಯಲ್ಲಿ ಎಷ್ಟು ರಾತ್ರಿ ನಿದ್ದೆ ಕೆಟ್ಟೀತು! ಯಂತ್ರದ ಮಾತು ತೀರ್ಪಾಗದೆ, ಬಲ್ಲ ವೈದ್ಯರ ಬಳಿಗೆ ಬೇಗ ಕಳುಹಿಸುವ ಕರೆಯೋಲೆಯಾಗಲಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿಗೆ ಹೋದರೆ ಅಂಗಸಾಧನೆ ಕಲಿಸುವವರೂ ಇರಬೇಕು. ನಮ್ಮ ಸಣ್ಣ ಊರುಗಳಲ್ಲಿ ಅಂಥವರನ್ನು ಹುಡುಕುವುದೇ ಒಂದು ಪ್ರಯಾಸ.

ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ತಂದೆತಾಯಿಗಳೇ ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸುವ ಪ್ರಯೋಗವೂ ನಡೆದಿದೆ. ಇಂಥ ಚಿತ್ರಕ್ಕೆ ನಿಯಮಗಳು ಕೆಲವೇ. ಕೂಸು ಎಚ್ಚರವಾಗಿ, ಶಾಂತವಾಗಿ, ಅಂಗಾತ ಮಲಗಿರಬೇಕು. ಕೈಕಾಲು ಬರಿದಾಗಿರಬೇಕು. ಗಿಲಕಿ ಕೂಡದು, ಬಾಯಿಗೆ ನಿಪ್ಪಲ್ ಕೂಡದು. ಮೂರು ನಾಲ್ಕು ನಿಮಿಷ ಯಾರೂ ಅದನ್ನು ಮಾತನಾಡಿಸಬಾರದು. ಅಜ್ಜಿಯಿರುವ ಮನೆಯಲ್ಲಿ ಇದು ಸುಲಭವಲ್ಲ! ಕೂಸು ಅತ್ತರೆ ನಿಲ್ಲಿಸಿ, ಎತ್ತಿಕೊಂಡು ಸಮಾಧಾನಪಡಿಸಿ, ಇನ್ನೊಂದು ಹೊತ್ತಿನಲ್ಲಿ ತೆಗೆಯಬೇಕು.